ಕರುಳಿನ ಸೂಕ್ಷ್ಮಜೀವಿಗಳು: ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಊಟ ಮತ್ತು ನೀರಿನ ಹಿನ್ನೆಲೆಯಲ್ಲಿ

ಮನುಷ್ಯನ ಜೀರ್ಣಾಂಗದಲ್ಲಿ, ಅದರಲ್ಲೂ ದೊಡ್ಡ ಕರುಳಿನಲ್ಲಿ, ಹುಟ್ಟಿದಂದಿನಿಂದ ಕೊನೆಯವರೆಗೆ ನೆಲೆಸಿರುವ ಬ್ಯಾಕ್ಟೀರಿಯಾ, ಆರ್ಕಿಯಾ, ಶಿಲೀಂಧ್ರ ಹಾಗೂ ವೈರಸ್‌ಗಳ ಸಮುದಾಯ. ಇದರಲ್ಲಿ ಬ್ಯಾಕ್ಟೀರಿಯಾಗಳದೇ ಸಿಂಹಪಾಲು. ಡಿಎನ್‌ಎ ಓದುವ ಯಂತ್ರಗಳು ಅಗ್ಗವಾದ ಮೇಲೆ, ಅಂದರೆ ಸುಮಾರು 2005ರಿಂದ ಈಚೆಗೆ, ಈ ಜೀವಿಗಳ ಅಧ್ಯಯನ ವೈದ್ಯವಿಜ್ಞಾನದ ದೊಡ್ಡ ಶಾಖೆಯಾಗಿ ಬೆಳೆದಿದೆ.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳನ್ನು ಇಟ್ಟುಕೊಂಡು ಈ ವಿಷಯವನ್ನು ನೋಡುವುದಕ್ಕೆ ಕಾರಣವಿದೆ. ಬಿಳಿಜೋಳದ ರೊಟ್ಟಿ, ತೊಗರಿಬೇಳೆ, ಶೇಂಗಾ ಹಿಂಡಿ, ಪುಂಡಿ ಪಲ್ಯ, ಹಸಿ ಉಳ್ಳಾಗಡ್ಡಿ, ಮಜ್ಜಿಗೆ ಎಂಬ ಈ ಸೀಮೆಯ ಊಟ ಕರುಳಿನ ಜೀವಿಗಳಿಗೆ ಬೇಕಾದುದನ್ನು ಧಾರಾಳವಾಗಿ ಕೊಡುತ್ತದೆ. ಬೇಸಿಗೆಯ ಕೊನೆಗೆ, ಮುಂಗಾರಿನ ಮೊದಲಿಗೆ ಕೊಳಕು ನೀರಿನಿಂದ ಊರೂರಿನಲ್ಲಿ ಕಾಣಿಸಿಕೊಳ್ಳುವ ವಾಂತಿಭೇದಿ ಅದೇ ಜೀವಿಗಳ ಮನೆಯನ್ನು ಕೆಡಿಸುತ್ತದೆ. ತಾಟಿನಲ್ಲಿ ಗಳಿಸಿದ್ದು ಕೊಡದಲ್ಲಿ ಕಳೆಯುತ್ತದೆ. ಸಿರಿಧಾನ್ಯದ ಗುಣಗಾನ ಮಾಡುವ ಬರಹಗಳಲ್ಲಿ ಈ ಎರಡನೆಯ ಮಾತು ಸಾಮಾನ್ಯವಾಗಿ ಬಿಟ್ಟುಹೋಗಿರುತ್ತದೆ.

ಎಣಿಕೆ ಮತ್ತು ಹಿಂದಿನ ಕಥೆ

ಹಾಲೆಂಡಿನ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೀವೆನ್‌ಹುಕ್ 1681ರಲ್ಲಿ ತನಗೆ ಭೇದಿಯಾದಾಗ ತನ್ನ ಮಲವನ್ನೇ ತಾನು ಮಾಡಿದ ಸೂಕ್ಷ್ಮದರ್ಶಕದ ಕೆಳಗಿಟ್ಟು ಅದರಲ್ಲಿ ಓಡಾಡುವ ಜೀವಿಗಳನ್ನು ಕಂಡ. 1885ರಲ್ಲಿ ಥಿಯೊಡೋರ್ ಎಶರಿಕ್ ಕೂಸುಗಳ ಮಲದಿಂದ ಇ. ಕೋಲಿ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದ. 1908ರಲ್ಲಿ ನೊಬೆಲ್ ಪಡೆದ ಇಲ್ಯಾ ಮೆಚ್ನಿಕಾಫ್ ಹುಳಿ ಹಾಲು ಆಯಸ್ಸು ಹೆಚ್ಚಿಸುತ್ತದೆ ಎಂದು ವಾದಿಸಿದ. ಮೊಸರು ಮಜ್ಜಿಗೆಯ ನಾಡಿನಲ್ಲಿ ಅದೇನೂ ಹೊಸ ಸುದ್ದಿಯಾಗಿರಲಿಲ್ಲ. ಯುರೋಪಿನಲ್ಲಿ ಮಾತ್ರ ಅದರಿಂದ ದೊಡ್ಡ ಮಾರುಕಟ್ಟೆಯೇ ಹುಟ್ಟಿತು.

ದೇಹದಲ್ಲಿ ನಮ್ಮ ಜೀವಕೋಶಗಳಿಗಿಂತ ಹತ್ತು ಪಟ್ಟು ಬ್ಯಾಕ್ಟೀರಿಯಾಗಳಿವೆ ಎಂಬ ಮಾತು ಪಠ್ಯಪುಸ್ತಕಗಳಲ್ಲಿ ದಶಕಗಳ ಕಾಲ ಉಳಿದಿತ್ತು. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ವಿಜ್ಞಾನಿಗಳು 2016ರಲ್ಲಿ ಲೆಕ್ಕವನ್ನು ಮತ್ತೆ ಹಾಕಿದರು. 70 ಕಿಲೊ ತೂಕದ ಗಂಡಸಿನಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ, ಸುಮಾರು 30 ಲಕ್ಷ ಕೋಟಿ ಸ್ವಂತ ಜೀವಕೋಶ ಎಂದು ತೇಲಿತು. ಹೆಚ್ಚೂಕಡಿಮೆ ಸಮ ಸಮ. ಆ ಬ್ಯಾಕ್ಟೀರಿಯಾಗಳ ಒಟ್ಟು ತೂಕ ಸುಮಾರು 200 ಗ್ರಾಂ. ಬೆರಗು ಹುಟ್ಟಿಸುವುದು ಎಣಿಕೆಯಲ್ಲ, ಅವುಗಳ ವಂಶವಾಹಿಗಳ ಸಂಪತ್ತು. 124 ಯುರೋಪಿಯನ್ನರ ಮಲವನ್ನು ಪರೀಕ್ಷಿಸಿದ ಮೆಟಾಹಿಟ್ ಯೋಜನೆ 2010ರಲ್ಲಿ 33 ಲಕ್ಷ ಬಗೆಯ ಜೀನುಗಳನ್ನು ಪಟ್ಟಿ ಮಾಡಿತು. ಮನುಷ್ಯನ ಸ್ವಂತ ಜೀನುಗಳು 20,000ದ ಆಸುಪಾಸು. ಜೋಳದ ತೌಡನ್ನು ಒಡೆಯುವ ಕಿಣ್ವಗಳು ನಮ್ಮಲ್ಲಿಲ್ಲ, ಅವುಗಳಲ್ಲಿವೆ.

ರೊಟ್ಟಿಯಿಂದ ಬ್ಯುಟಿರೇಟಿನವರೆಗೆ

ಜೋಳದ ಹಿಟ್ಟಿಗೆ ಗೋಧಿಯ ಜಿಗುಟು ಇಲ್ಲ. ಆದ್ದರಿಂದ ಹಿಟ್ಟಿನ ನಡುವೆ ಗುಂಡಿ ಮಾಡಿ ಕುದಿಯುವ ಎಸರು ಹೊಯ್ಯುತ್ತಾರೆ. ಪಿಷ್ಟ ಅರೆಬೆಂದು ಅಂಟು ಬಂದ ಮೇಲೆ ನಾದಿ, ಅಂಗೈಯಿಂದ ಬಡಿದು ಅಗಲ ಮಾಡಿ, ಹಂಚಿಗೆ ಹಾಕಿ, ಮೇಲೆ ನೀರಿನ ಅರಿವೆ ಸವರುತ್ತಾರೆ. ಈ ಬಿಸಿ ನೀರಿನ ಕೆಲಸದಲ್ಲಿ ಇನ್ನೊಂದೂ ನಡೆಯುತ್ತದೆ. ಜೋಳದ ಮುಖ್ಯ ಪ್ರೋಟೀನಾದ ಕಾಫಿರಿನ್ ನೀರಿನೊಡನೆ ಬೆಂದಾಗ ಒಂದಕ್ಕೊಂದು ಹೆಣೆದುಕೊಂಡು ಪಿಷ್ಟದ ಕಣಗಳನ್ನು ಸುತ್ತಿಕೊಳ್ಳುತ್ತದೆ. ಜೀರ್ಣರಸ ಒಳಹೊಗುವುದು ನಿಧಾನವಾಗುತ್ತದೆ. ಬೇಯಿಸಿದ ಜೋಳದ ನುಚ್ಚು ರಾತ್ರಿ ತಣ್ಣಗಾದಾಗ ಬೆಂದ ಪಿಷ್ಟದ ಒಂದು ಪಾಲು ಮತ್ತೆ ಬಿಗಿದುಕೊಂಡು ಸಣ್ಣ ಕರುಳಿನ ಕಿಣ್ವಗಳಿಗೆ ಜಗ್ಗದ ಪಿಷ್ಟವಾಗುತ್ತದೆ. ಬೆಳಗ್ಗೆ ತಂಗಳ ನುಚ್ಚಿಗೆ ಮಜ್ಜಿಗೆ ಹಾಕಿಕೊಂಡು ಹೊಲಕ್ಕೆ ಹೋದವನ ಸಣ್ಣ ಕರುಳು ಇದನ್ನೆಲ್ಲ ಬಿಟ್ಟುಕೊಡುತ್ತದೆ; ದೊಡ್ಡ ಕರುಳಿಗೆ ಅದು ಹಬ್ಬದೂಟ.

ಅಲ್ಲಿ ಗಾಳಿಯಿಲ್ಲ. ಆಮ್ಲಜನಕ ಬೇಡದ ಬ್ಯಾಕ್ಟೀರಿಯಾಗಳು ನಾರನ್ನೂ ಜಗ್ಗದ ಪಿಷ್ಟವನ್ನೂ ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಕಿರುಸರಣಿಯ ಕೊಬ್ಬಿನಾಮ್ಲಗಳನ್ನು ಮಾಡುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಬ್ಯುಟಿರೇಟೇ ಮುಖ್ಯ ಉರುವಲು. ಆ ಜೀವಕೋಶಗಳ ನಡುವಿನ ಸಂದುಗಳು ಬಿಗಿಯಾಗಿ ಉಳಿಯುವುದಕ್ಕೂ, ಉರಿಯೂತ ತಗ್ಗುವುದಕ್ಕೂ ಅದು ನೆರವಾಗುತ್ತದೆ. ಉರುವಲು ನಿಂತರೆ ಏನಾಗುತ್ತದೆಂಬುದನ್ನು 2016ರಲ್ಲಿ ಸೆಲ್ ಪತ್ರಿಕೆಯಲ್ಲಿ ಬಂದ ಇಲಿಗಳ ಪ್ರಯೋಗವೊಂದು ತೋರಿಸಿತು: ನಾರಿಲ್ಲದ ಆಹಾರ ಕೊಟ್ಟಾಗ ಬ್ಯಾಕ್ಟೀರಿಯಾಗಳು ಕರುಳಿನ ಗೋಡೆಗೆ ಕಾವಲಾಗಿರುವ ಲೋಳೆಯ ಪದರವನ್ನೇ ಮೇಯತೊಡಗಿದವು.

ರೊಟ್ಟಿಯ ಪಕ್ಕದ ಹಸಿ ಉಳ್ಳಾಗಡ್ಡಿ, ಹಿಂಡಿಯಲ್ಲಿನ ಬಳ್ಳೊಳ್ಳಿ ಎರಡರಲ್ಲೂ ಫ್ರಕ್ಟಾನ್ ಎಂಬ ನಾರಿದೆ. ಬೈಫಿಡೊಬ್ಯಾಕ್ಟೀರಿಯಾಗಳಿಗೆ ಅದು ಪ್ರೀತಿಯ ಆಹಾರ. ಅಗಸಿ ಹಿಂಡಿಯಲ್ಲಿ ನೀರು ಹೀರಿ ಲೋಳೆಯಾಗುವ ನಾರಿದೆ. ಪುಂಡಿ ಪಲ್ಯಕ್ಕೆ ಜೋಳದ ನುಚ್ಚು, ಬೇಳೆ ಕೂಡಿಸಿ ಕುದಿಸುತ್ತಾರೆ. ಇಂದು ಅಂಗಡಿಯಲ್ಲಿ ಡಬ್ಬಿ ಕಟ್ಟಿ ಮಾರುವ ಪ್ರಿಬಯೋಟಿಕ್ ಪುಡಿಗಳಲ್ಲಿ ಇರುವುದು ಬಹುಪಾಲು ಇದೇ ಬಗೆಯ ವಸ್ತು.

ತೊಗರಿ ಮತ್ತು ಹೊಟ್ಟೆಯುಬ್ಬರ

ಈ ಸೀಮೆಗೆ ತೊಗರಿಯ ಕಣಜವೆಂದು ಹೆಸರು. ಗುಲಬರ್ಗಾ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಬೇಳೆಕಾಳುಗಳಲ್ಲಿ ರಾಫಿನೋಸ್, ಸ್ಟಾಕಿಯೋಸ್, ವರ್ಬಾಸ್ಕೋಸ್ ಎಂಬ ಸಕ್ಕರೆಗಳಿವೆ. ಇವನ್ನು ಕತ್ತರಿಸಲು ಬೇಕಾದ ಆಲ್ಫಾ ಗ್ಯಾಲಕ್ಟೊಸಿಡೇಸ್ ಕಿಣ್ವ ಮನುಷ್ಯನ ಸಣ್ಣ ಕರುಳಿನಲ್ಲಿ ಇಲ್ಲ. ಹೀಗಾಗಿ ಅವು ಇದ್ದಂತೆಯೇ ಕೆಳಗಿಳಿದು ಬ್ಯಾಕ್ಟೀರಿಯಾಗಳ ಕೈಗೆ ಸಿಗುತ್ತವೆ. ಹುದುಗುವಾಗ ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮಿಥೇನ್ ಹೊರಬೀಳುತ್ತದೆ. ಜನ ವಾಯು ಎನ್ನುವುದು ಇದನ್ನೇ. ಕಾಳನ್ನು ನೆನೆಹಾಕಿ ಆ ನೀರು ಚೆಲ್ಲಿದರೆ, ಮೊಳಕೆ ಬರಿಸಿದರೆ ಈ ಸಕ್ಕರೆಗಳು ಕಡಿಮೆಯಾಗುತ್ತವೆ. ವಾಯು ಎಂದರೆ ರೋಗವಲ್ಲ, ಒಳಗೆ ಒಲೆ ಉರಿಯುತ್ತಿರುವುದರ ಹೊಗೆ. ಕರುಳು ವಿಪರೀತ ಸೂಕ್ಷ್ಮವಾಗಿರುವ ಐಬಿಎಸ್ ರೋಗಿಗಳಿಗೆ ಮಾತ್ರ ಅಷ್ಟೇ ಹೊಗೆ ನೋವಾಗಿ ಕಾಡುತ್ತದೆ; ಅಂಥವರಿಗೆ ವೈದ್ಯರು ಉಳ್ಳಾಗಡ್ಡಿ, ಬೇಳೆಗಳನ್ನು ಕೆಲವು ವಾರ ಬಿಡಿಸಿ ನೋಡುವುದುಂಟು.

ಜೋಳ ಉಣ್ಣುವವರ ಕರುಳು

ಜೋಳ ಮೂಲತಃ ಆಫ್ರಿಕದ ಬೆಳೆ. ಜೋಳ ತಿನ್ನುವವರ ಕರುಳಿನ ಬಗ್ಗೆ ಬಂದ ಅತಿ ಹೆಸರಾದ ಅಧ್ಯಯನವೂ ಅಲ್ಲಿಯದೇ. 2010ರಲ್ಲಿ ಇಟಲಿಯ ವಿಜ್ಞಾನಿಗಳು ಬುರ್ಕಿನಾ ಫಾಸೊದ ಬೌಲ್ಪಾನ್ ಹಳ್ಳಿಯ 14 ಮಕ್ಕಳ ಮತ್ತು ಫ್ಲಾರೆನ್ಸ್ ನಗರದ 15 ಮಕ್ಕಳ ಮಲವನ್ನು ಹೋಲಿಸಿದರು. ಬೌಲ್ಪಾನಿನ ಊಟ ಸಜ್ಜೆ, ಜೋಳ, ಅಲಸಂದೆ, ಸೊಪ್ಪು. ಅಫಜಲಪುರದ ಯಾವ ಅವ್ವನಿಗಾದರೂ ಗುರುತು ಹತ್ತುವ ಪಟ್ಟಿ. ಆ ಮಕ್ಕಳ ಕರುಳಿನಲ್ಲಿ ನಾರು ಒಡೆಯುವ ಪ್ರಿವೊಟೆಲ್ಲಾ ಜಾತಿಯ ಬ್ಯಾಕ್ಟೀರಿಯಾಗಳು ತುಂಬಿದ್ದವು, ಕಿರುಸರಣಿಯ ಕೊಬ್ಬಿನಾಮ್ಲಗಳೂ ಇಟಲಿಯ ಮಕ್ಕಳಿಗಿಂತ ಹೆಚ್ಚಾಗಿದ್ದವು. ಇಪ್ಪತ್ತೊಂಬತ್ತು ಮಕ್ಕಳ ಮೇಲೆ ಜಗತ್ತಿನ ಆಹಾರದ ಭವಿಷ್ಯ ಹೇಳುವುದು ದುಡುಕು. ಆದರೂ ಬೇರೆ ಬೇರೆ ದೇಶಗಳ ಹಳ್ಳಿಗಳಿಂದ ಬಂದ ನಂತರದ ವರದಿಗಳೂ ಇದೇ ದಿಕ್ಕಿಗೆ ಬೆರಳು ಮಾಡಿವೆ.

ಭಾರತದಲ್ಲಿ 2018ರಲ್ಲಿ ಪ್ರಕಟವಾದ ಲಾಗ್‌ಎಂಪಿಐಇ ಸಮೀಕ್ಷೆ 14 ಕಡೆಗಳ 1004 ಜನರ ಕರುಳಿನ ಬ್ಯಾಕ್ಟೀರಿಯಾಗಳನ್ನು ಗುರುತಿಸಿತು. 2019ರಲ್ಲಿ ಭೋಪಾಲಿನ ಐಸರ್ ಸಂಸ್ಥೆಯ ತಂಡ ಭೋಪಾಲ್ ಮತ್ತು ಕೇರಳದ 110 ಆರೋಗ್ಯವಂತರನ್ನು ಪರೀಕ್ಷಿಸಿ, ಕಾಳುಕಡಿ ಉಣ್ಣುವ ಭೋಪಾಲಿನವರಲ್ಲಿ ಪ್ರಿವೊಟೆಲ್ಲಾ ಪ್ರಧಾನವೆಂದೂ, ಮೀನು ಮಾಂಸ ಕೂಡಿದ ಊಟದ ಕೇರಳದವರಲ್ಲಿ ಬೇರೆ ಗುಂಪುಗಳೆಂದೂ ತೋರಿಸಿತು. ಗೋಧಿಯ ಮಧ್ಯ ಭಾರತಕ್ಕೂ ಅಕ್ಕಿಯ ಕೇರಳಕ್ಕೂ ನಡುವೆ ಜೋಳದ ದಖ್ಖನ್ ಇದೆ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಆವರಣವಿದೆ. ಅದರ ಸುತ್ತಲಿನ ಹೊಲಗಳಲ್ಲಿ ಹಿಂಗಾರಿ ಜೋಳ ನಿಂತಿರುತ್ತದೆ. ಇಂಥ ಅಧ್ಯಯನಕ್ಕೆ ಇದಕ್ಕಿಂತ ಹತ್ತಿರದ ಜಾಗ ಸಿಗದು.

ಪ್ರಿವೊಟೆಲ್ಲಾವನ್ನು ಒಳ್ಳೆಯದೆಂದು ಕೂಡಲೇ ಪಟ್ಟಕ್ಕೇರಿಸುವಂತಿಲ್ಲ. ಸ್ವೀಡನ್ನಿನಲ್ಲಿ ಇಡೀ ಜವೆಗೋಧಿಯ ಬ್ರೆಡ್ಡು ಮೂರು ದಿನ ತಿಂದವರಲ್ಲಿ ಯಾರ ರಕ್ತದ ಸಕ್ಕರೆ ಹತೋಟಿಗೆ ಬಂತೋ ಅವರಲ್ಲಿ ಇದು ಹೆಚ್ಚಿತ್ತು ಎಂದು 2015ರ ವರದಿ ಹೇಳಿತು. ಮರುವರ್ಷವೇ ಡೆನ್ಮಾರ್ಕಿನ 277 ಜನರ ಅಧ್ಯಯನ ಪ್ರಿವೊಟೆಲ್ಲಾ ಕೊಪ್ರಿಯನ್ನು ಇನ್ಸುಲಿನ್ ಪ್ರತಿರೋಧದೊಡನೆ ತಳಕು ಹಾಕಿತು. ಗೊಂದಲ ಸ್ವಲ್ಪ ತಿಳಿಯಾದದ್ದು 2019ರಲ್ಲಿ. ಪ್ರಿವೊಟೆಲ್ಲಾ ಕೊಪ್ರಿ ಎಂಬ ಒಂದೇ ಪ್ರಭೇದವೆಂದು ಕರೆಯುತ್ತಿದ್ದುದು ನಾಲ್ಕು ಬೇರೆ ಬೇರೆ ಕವಲುಗಳೆಂದೂ, ಹಳ್ಳಿಯ ಊಟ ಉಳಿಸಿಕೊಂಡವರಲ್ಲಿ ಆ ಕವಲುಗಳು ಒಟ್ಟಿಗೇ ಇರುತ್ತವೆಂದೂ, ಪಾಶ್ಚಾತ್ಯ ಊಟದವರಲ್ಲಿ ಅವು ಅಪರೂಪವೆಂದೂ ತಿಳಿದುಬಂತು.

ಅಂಬಲಿ

ಎಳ್ಳಮವಾಸ್ಯೆಯ ದಿನ ಈ ಮೂರೂ ತಾಲ್ಲೂಕುಗಳಲ್ಲಿ ಊರಿಗೆ ಊರೇ ಹೊಲಕ್ಕೆ ಹೊರಡುತ್ತದೆ. ಬುಟ್ಟಿಯಲ್ಲಿ ಸಜ್ಜಿ ರೊಟ್ಟಿ, ಭಜ್ಜಿ, ಕಡಬು, ಗಡಿಗೆಯಲ್ಲಿ ಅಂಬಲಿ. ಜೋಳದ ಹಿಟ್ಟನ್ನು ಕಲಸಿ ಹುಳಿಗೆ ಬಿಟ್ಟು, ಕಾಯಿಸಿ, ಆರಿದ ಮೇಲೆ ಮಜ್ಜಿಗೆ ಬೆರೆಸಿ, ಬಳ್ಳೊಳ್ಳಿ ಜೀರಿಗೆ ಕುಟ್ಟಿ ಹಾಕುತ್ತಾರೆ. ಭೂಮಿತಾಯಿಗೆ ಚರಗ ಚೆಲ್ಲಿದ ಮೇಲೆ ಉಳಿದವರ ಪಾಲು. ಹುಳಿ ಬಂದ ಹಿಟ್ಟಿನಲ್ಲಿ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಕೆಲಸ ಮಾಡಿರುತ್ತವೆ. ಕಬ್ಬಿಣ, ಸತುವನ್ನು ಹಿಡಿದಿಡುವ ಫೈಟೇಟ್ ಕಡಿಮೆಯಾಗುತ್ತದೆ. ಕುದಿಸಿದಾಗ ಆ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಮೇಲಿನಿಂದ ಬೆರೆಸುವ ಮಜ್ಜಿಗೆಯಲ್ಲಿ ಮತ್ತೆ ಜೀವಂತವಾದವು ಬರುತ್ತವೆ. ಮಾಡುವವರಿಗೆ ರುಚಿಯಷ್ಟೇ ಗೊತ್ತಿತ್ತು, ಕ್ರಮ ಮಾತ್ರ ಸರಿಯಾಗಿಯೇ ಇತ್ತು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ 2021ರ ಪ್ರಯೋಗ ಇಲ್ಲಿ ನೆನೆಯಬೇಕಾದುದು. 36 ಜನರಲ್ಲಿ ಒಂದು ಗುಂಪಿಗೆ ಹತ್ತು ವಾರ ನಾರು ಹೆಚ್ಚಿಸಿದರು, ಇನ್ನೊಂದಕ್ಕೆ ಮೊಸರು, ಕೆಫಿರ್, ಹುಳಿ ತರಕಾರಿಯಂಥ ಹುದುಗಿದ ಆಹಾರ ಹೆಚ್ಚಿಸಿದರು. ಹುದುಗಿದ್ದನ್ನು ತಿಂದವರ ಕರುಳಿನಲ್ಲಿ ಜೀವಿಗಳ ವೈವಿಧ್ಯ ಏರಿತು, ರಕ್ತದಲ್ಲಿ ಉರಿಯೂತದ ಗುರುತುಗಳು ಇಳಿದವು. ಬರೀ ನಾರು ಹೆಚ್ಚಿಸಿದವರಲ್ಲಿ ವೈವಿಧ್ಯ ಏರಲಿಲ್ಲ. ನಾರನ್ನು ಒಡೆಯುವ ಜೀವಿಗಳು ಮೊದಲೇ ಕಳೆದುಹೋಗಿದ್ದರೆ ನಾರು ತಂದು ಸುರಿದರೂ ಉಣ್ಣುವವರು ಯಾರು ಎಂಬುದು ಒಂದು ವಿವರಣೆ.

ಊಟ ಬದಲಾದಾಗ

2013ರ ಅನ್ನಭಾಗ್ಯ ಪಡಿತರ ಯೋಜನೆ ಹಸಿವನ್ನು ನೀಗಿಸಿತು, ಅದರ ಬೆಲೆ ದೊಡ್ಡದು. ಜೊತೆಗೇ ಪಾಲಿಶ್ ಅಕ್ಕಿ ರೊಟ್ಟಿ ಉಣ್ಣುವ ಮನೆಗಳ ಒಂದು ಹೊತ್ತನ್ನು ತನ್ನದಾಗಿಸಿಕೊಂಡಿತು. ರೊಟ್ಟಿ ಬಡಿಯಲು ಬೇಕಾದ ಸಮಯ, ಜೋಳದ ಬೆಲೆ, ಕಬ್ಬು ಹತ್ತಿಗೆ ಬಿಟ್ಟುಕೊಟ್ಟ ಹೊಲ, ಎಲ್ಲ ಸೇರಿ ಅಕ್ಕಿಯ ಪಕ್ಷಕ್ಕೇ ವಾಲಿದವು. ಇಲಿಗಳಲ್ಲಿ ನಾಲ್ಕು ತಲೆಮಾರು ನಾರು ಕಡಿಮೆ ಮಾಡಿದಾಗ ಕೆಲವು ಬ್ಯಾಕ್ಟೀರಿಯಾ ಪ್ರಭೇದಗಳು ಪೂರ್ತಿ ನಾಪತ್ತೆಯಾಗಿ, ಮತ್ತೆ ನಾರು ಕೊಟ್ಟರೂ ಮರಳಲಿಲ್ಲವೆಂದು 2016ರ ಪ್ರಯೋಗವೊಂದು ತೋರಿಸಿದೆ. ಮನುಷ್ಯರಿಗೆ ಅದನ್ನು ಹಾಗೆಯೇ ಅನ್ವಯಿಸಲಾಗದು.

ಗುಳೆ ಹೋಗುವವರ ಮಾತು ಇನ್ನೂ ಹತ್ತಿರದ್ದು. ಆಳಂದ, ಅಫಜಲಪುರದಿಂದ ಪುಣೆ, ಮುಂಬೈ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದ ಕುಟುಂಬ ಶೆಡ್ಡಿನಲ್ಲಿ ಅನ್ನ, ಪಾವು, ಬಿಸ್ಕೀಟಿಗೆ ಬೀಳುತ್ತದೆ. ಆಗ್ನೇಯ ಏಷ್ಯಾದಿಂದ ಅಮೆರಿಕದ ಮಿನೆಸೋಟಾಗೆ ವಲಸೆ ಹೋದ ಹ್ಮೊಂಗ್ ಮತ್ತು ಕರೆನ್ ಸಮುದಾಯದ ಹೆಂಗಸರನ್ನು ಅಧ್ಯಯನ ಮಾಡಿದ 2018ರ ವರದಿ, ಹೋದ ಕೆಲವೇ ತಿಂಗಳಲ್ಲಿ ಅವರ ಪ್ರಿವೊಟೆಲ್ಲಾ ಕುಗ್ಗಿ ಅದರ ಜಾಗಕ್ಕೆ ಬ್ಯಾಕ್ಟೀರಾಯ್ಡಿಸ್ ಬಂದಿತೆಂದು ದಾಖಲಿಸಿತು. ಉಳಿದಷ್ಟು ವರ್ಷವೂ ಆ ನಷ್ಟ ಬೆಳೆಯುತ್ತಲೇ ಹೋಗಿತ್ತು, ಮಕ್ಕಳಲ್ಲಿ ಇನ್ನಷ್ಟು.

ಕೂಸಿನ ಕರುಳು

ತಾಯಿಯ ಹಾಲಿನಲ್ಲಿ ಕೂಸಿಗೇ ಅರಗದ ಸಕ್ಕರೆಗಳಿವೆ. ಅವು ಇರುವುದು ಬೈಫಿಡೊಬ್ಯಾಕ್ಟೀರಿಯಾಗಳಿಗಾಗಿ. ಹುಟ್ಟಿದ ಕೂಡಲೇ ಜೇನು, ಸಕ್ಕರೆ ನೀರು ನೆಕ್ಕಿಸುವುದು ಬೇಡ, ಆರು ತಿಂಗಳು ಹಾಲೊಂದೇ ಸಾಕು ಎಂದು ಆಶಾ ಕಾರ್ಯಕರ್ತೆಯರು ಹೇಳುವ ಮಾತಿಗೆ ಇದು ಹೊಸ ಬೆಂಬಲ.

ಒಡಿಶಾದ ಹಳ್ಳಿಗಳಲ್ಲಿ 4,556 ನವಜಾತ ಶಿಶುಗಳ ಮೇಲೆ ನಡೆದ ಪ್ರಯೋಗ 2017ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಒಂದು ವಾರ ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್ ಬ್ಯಾಕ್ಟೀರಿಯಾವನ್ನು ಅದರ ಆಹಾರವಾದ ಫ್ರಕ್ಟಾನ್ ಸಕ್ಕರೆಯೊಡನೆ ಕೊಟ್ಟಾಗ, ರಕ್ತದ ಸೋಂಕು ಇಲ್ಲವೆ ಸಾವು ಶೇ. 9ರಿಂದ ಶೇ. 5.4ಕ್ಕೆ ಇಳಿಯಿತು. ಆರೋಗ್ಯವಾಗಿ ಹುಟ್ಟಿ ಎದೆಹಾಲು ಕುಡಿಯುತ್ತಿದ್ದ ಹಳ್ಳಿಯ ಕೂಸುಗಳಲ್ಲಿ ಬಂದ ಫಲಿತಾಂಶವಿದು ಎಂಬುದನ್ನು ಮರೆಯಬಾರದು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2019–21ರಲ್ಲಿ ಕರ್ನಾಟಕದ ಐದರೊಳಗಿನ ಮಕ್ಕಳಲ್ಲಿ ಶೇ. 35.4 ಮಂದಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. ಕಲ್ಯಾಣ ಕರ್ನಾಟಕದ ಪಾಲು ಇದರಲ್ಲಿ ದೊಡ್ಡದು. ಢಾಕಾದ ಕೊಳೆಗೇರಿಗಳಲ್ಲಿ ಕೆಲಸ ಮಾಡಿದ ಜೆಫ್ರಿ ಗಾರ್ಡನ್ ಮತ್ತು ತಹ್ಮೀದ್ ಅಹ್ಮದ್ ಅವರ ತಂಡ, ಅಪೌಷ್ಟಿಕ ಮಕ್ಕಳ ಕರುಳಿನ ಜೀವಿಗಳು ವಯಸ್ಸಿಗಿಂತ ಎಳೆಯವಾಗಿಯೇ ಉಳಿದಿರುತ್ತವೆಂದು 2014ರಲ್ಲಿ ತೋರಿಸಿತು. ಆ ಜೀವಿಗಳನ್ನು ಬೆಳೆಸಲೆಂದೇ ತಯಾರಿಸಿದ ತಿನಿಸನ್ನು 12ರಿಂದ 18 ತಿಂಗಳ ಮಕ್ಕಳಿಗೆ ಮೂರು ತಿಂಗಳು ಕೊಟ್ಟರು. 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಎಂದಿನ ಪೂರಕ ಆಹಾರಕ್ಕಿಂತ ಕಡಿಮೆ ಕ್ಯಾಲರಿ ಇದ್ದರೂ ಇದರಿಂದಲೇ ಮಕ್ಕಳು ಚೆನ್ನಾಗಿ ಬೆಳೆದರು. ತಿನಿಸಿನಲ್ಲಿ ಇದ್ದುದು ಕಡಲೆ ಹಿಟ್ಟು, ಶೇಂಗಾ, ಸೋಯಾ, ಬಾಳೆಕಾಯಿ. ಮೊದಲ ಎರಡು ಜೇವರ್ಗಿಯ ಯಾವ ಕಿರಾಣಿ ಅಂಗಡಿಯಲ್ಲೂ ಸಿಗುತ್ತವೆ.

ಗುಳಿಗೆ

ಆ್ಯಂಟಿಬಯೋಟಿಕ್ ಗುಳಿಗೆ ರೋಗದ ಜೀವಿಯನ್ನೂ ಮನೆಯ ಜೀವಿಯನ್ನೂ ಬೇರೆ ಮಾಡಿ ನೋಡುವುದಿಲ್ಲ. ನೀರುನೀರಾದ ಭೇದಿಗೆ ಬಹಳ ಸಲ ಅದು ಬೇಕಾಗಿಯೂ ಇರುವುದಿಲ್ಲ. ಆದರೂ ಅಂಗಡಿಯಲ್ಲಿ ಬಿಡಿಯಾಗಿ ನಾಲ್ಕು ಗುಳಿಗೆ ಕೊಂಡು, ಎರಡು ನುಂಗಿ, ಉಳಿದೆರಡನ್ನು ಗೂಡಿನಲ್ಲಿಡುವುದು ನಮ್ಮ ಕಡೆಯ ರೂಢಿ. ಗುಳಿಗೆಯ ಹಿಂದೆಯೇ ಪ್ರೊಬಯೋಟಿಕ್ ಕ್ಯಾಪ್ಸೂಲು ಬರೆಯುವ ಪದ್ಧತಿಗೆ ವೈಜ್‌ಮನ್ ಸಂಸ್ಥೆಯ 2018ರ ಪ್ರಯೋಗ ಪ್ರಶ್ನೆ ಹಾಕಿತು: ಕ್ಯಾಪ್ಸೂಲು ತಿಂದವರಲ್ಲಿ ಮೂಲ ಜೀವಿಗಳು ಮರಳುವುದು ಏನೂ ತಿನ್ನದವರಿಗಿಂತ ತಡವಾಯಿತು. ಹಾಗೆಂದು ಜೀವಿಗಳನ್ನು ಮರಳಿ ತುಂಬುವುದು ಸುಳ್ಳಲ್ಲ. ಆ್ಯಂಟಿಬಯೋಟಿಕ್ ನಂತರ ಕಾಡುವ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಭೇದಿಗೆ ಆರೋಗ್ಯವಂತರ ಮಲವನ್ನು ಸೋಸಿ ಕರುಳಿಗೆ ಬಿಡುವ ಚಿಕಿತ್ಸೆಯಿಂದ ಆಮ್‌ಸ್ಟರ್‌ಡ್ಯಾಮಿನಲ್ಲಿ 16 ಜನರಲ್ಲಿ 13 ಮಂದಿ ಮೊದಲ ಸಲಕ್ಕೇ ಗುಣವಾದರು. ವರದಿ ಬಂದದ್ದು 2013ರಲ್ಲಿ.

ನೀರು

ಭೀಮಾ ನದಿ ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳಲ್ಲಿ ಹರಿಯುತ್ತದೆ. ಆಳಂದದ ಅಮರ್ಜಾ ಹೊಳೆ ಗಾಣಗಾಪುರದ ಬಳಿ ಅದನ್ನು ಸೇರುತ್ತದೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ದಂಡೆಯ ಊರುಗಳಿಗೆ ನುಗ್ಗಿದಾಗ ಬಾವಿ, ಕೊಳವೆಬಾವಿಗಳೂ ಮುಳುಗಿದವು. ನೆರೆ ಇಲ್ಲದ ವರ್ಷ ಅಪಾಯ ಸದ್ದಿಲ್ಲದೆ ಬರುತ್ತದೆ. ನಳದಲ್ಲಿ ಎರಡು ದಿನಕ್ಕೊಮ್ಮೆ ಗಂಟೆ ಹೊತ್ತು ನೀರು ಬಿಡುತ್ತಾರೆಂದುಕೊಳ್ಳೋಣ. ನಿಂತ ಮೇಲೆ ಪೈಪು ಬರಿದಾಗುತ್ತ ಒಳಗಿನ ಒತ್ತಡ ಇಳಿಯುತ್ತದೆ. ಚರಂಡಿಯಲ್ಲೇ ಹಾದುಹೋದ ಆ ಪೈಪಿನ ಜೋಡಣೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಹೊರಗಿನ ಕೊಳೆ ಒಳಕ್ಕೆ ಹೀರಲ್ಪಡುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲು ತುಂಬಿದ ಕೊಡಕ್ಕೆ ಅದು ಬರುತ್ತದೆ. 2019ರಿಂದ ಜಲಜೀವನ್ ಮಿಷನ್ ಮನೆಮನೆಗೆ ನಳ ತರುತ್ತಿದೆ. ನಳ ಬಂದರೆ ಸಾಲದು, ಅದರಲ್ಲಿ ಒತ್ತಡವೂ ನಿಂತಿರಬೇಕು.

ಕೊಳಕು ನೀರು ಕುಡಿದವರೆಲ್ಲ ಹಾಸಿಗೆ ಹಿಡಿಯುವುದಿಲ್ಲ. ಅದಕ್ಕೆ ಒಳಗಿನ ಜೀವಿಗಳೂ ಒಂದು ಕಾರಣ. ಢಾಕಾದಲ್ಲಿ ಕಾಲರಾದಿಂದ ಚೇತರಿಸಿಕೊಂಡವರನ್ನು ಗಮನಿಸಿದ 2014ರ ಅಧ್ಯಯನ, ರುಮಿನೊಕಾಕಸ್ ಒಬಿಯಂ ಎಂಬ ಸಾಮಾನ್ಯ ಕರುಳು ಬ್ಯಾಕ್ಟೀರಿಯಾ ಕಾಲರಾದ ವಿಬ್ರಿಯೊಗೆ ರಾಸಾಯನಿಕ ಸಂಕೇತ ಕಳಿಸಿ ಅದರ ದಾಳಿಯನ್ನು ಕುಗ್ಗಿಸುತ್ತದೆಂದು ತೋರಿಸಿತು. ಆದರೆ ಸಣ್ಣ ಪ್ರಮಾಣದ ಕೊಳೆ ದಿನವೂ ಹೋಗುತ್ತಿದ್ದರೆ ಭೇದಿ ಕಾಣದಿದ್ದರೂ ಸಣ್ಣ ಕರುಳಿನ ಒಳಗಿನ ಬೆರಳಿನಂಥ ವಿಲ್ಲೈಗಳು ಮೊಂಡಾಗುತ್ತವೆ, ಗೋಡೆ ಸೋರುತ್ತದೆ, ಉಂಡದ್ದು ಮೈಗೆ ಹತ್ತುವುದಿಲ್ಲ. ಇದು ಪರಿಸರಜನ್ಯ ಕರುಳುಬೇನೆ. ಬಾಂಗ್ಲಾದೇಶ, ಕೀನ್ಯಾಗಳಿಂದ 2018ರಲ್ಲಿ, ಜಿಂಬಾಬ್ವೆಯಿಂದ 2019ರಲ್ಲಿ ವರದಿಯಾದ ದೊಡ್ಡ ಪ್ರಯೋಗಗಳು ಒಂದು ಕಹಿ ಸುದ್ದಿ ತಂದವು: ಮನೆಗೊಂದು ಶೌಚಾಲಯ, ಕೈತೊಳೆಯುವ ಸಾಬೂನು, ನೀರಿಗೆ ಕ್ಲೋರಿನ್ ಕೊಟ್ಟರೂ ಮಕ್ಕಳ ಎತ್ತರ ಹೆಚ್ಚಲಿಲ್ಲ. ಬಾಂಗ್ಲಾದೇಶದಲ್ಲಿ ಭೇದಿಯೇನೋ ಕಡಿಮೆಯಾಯಿತು. ಅಂಗಳದಲ್ಲಿ ಕೋಳಿ, ಕುರಿ, ಕೂಸು ಒಂದೇ ಮಣ್ಣಿನಲ್ಲಿ ಆಡುವ ಕಡೆ ಮನೆಗೊಂದು ಡಬ್ಬಿ ಕ್ಲೋರಿನ್ ಸಾಲದು, ಇಡೀ ಊರಿನ ನೀರು ಚರಂಡಿಗಳೇ ಬದಲಾಗಬೇಕು ಎಂಬುದು ಹಲವು ತಜ್ಞರ ಓದು. ಪ್ರಸ್ತುತ ಲೇಖಕನ ಅನಿಸಿಕೆಯೂ ಅದೇ.

ಭೇದಿ ಹತ್ತಿದಾಗ ಜೀವ ಉಳಿಸುವುದು ಇಂದಿಗೂ ಓಆರ್‌ಎಸ್ ಎಂಬ ಸಕ್ಕರೆ ಉಪ್ಪಿನ ನೀರು. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ವೈದ್ಯ ದಿಲೀಪ್ ಮಹಾಲನಬೀಸ್ ಅದನ್ನು ಡ್ರಮ್ಮುಗಳಲ್ಲಿ ಕಲಸಿ ಸಾವಿರಾರು ಜನರಿಗೆ ಕುಡಿಸಿದರು. ಸಕ್ಕರೆ ಉಪ್ಪನ್ನು ಎಳೆದುಕೊಳ್ಳುತ್ತದೆ, ಉಪ್ಪು ನೀರನ್ನು. ಇದು ಸಣ್ಣ ಕರುಳಿನ ಕೆಲಸ. ದೊಡ್ಡ ಕರುಳನ್ನೂ ಈ ಕೆಲಸಕ್ಕೆ ಹಚ್ಚಬಹುದೇ ಎಂದು ಕೇಳಿದವರು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಬಿ.ಎಸ್. ರಾಮಕೃಷ್ಣ ಮತ್ತು ಸಂಗಡಿಗರು. ಕಾಲರಾ ಹಿಡಿದ 48 ರೋಗಿಗಳಲ್ಲಿ ಕೆಲವರ ಓಆರ್‌ಎಸ್‌ಗೆ ಅವರು ಲೀಟರಿಗೆ 50 ಗ್ರಾಂನಂತೆ ಮೆಕ್ಕೆಜೋಳದ ಜಗ್ಗದ ಪಿಷ್ಟ ಬೆರೆಸಿದರು. ಪಿಷ್ಟ ದೊಡ್ಡ ಕರುಳಿಗೆ ಇಳಿಯಿತು, ಬ್ಯಾಕ್ಟೀರಿಯಾಗಳು ಅದನ್ನು ಕೊಬ್ಬಿನಾಮ್ಲ ಮಾಡಿದವು, ಆಮ್ಲದ ಜೊತೆಗೆ ಉಪ್ಪು ನೀರು ಗೋಡೆಯೊಳಕ್ಕೆ ಹಿಂತಿರುಗಿದವು. ಭೇದಿಯಲ್ಲಿ ಹೋಗುವ ನೀರೂ ತಗ್ಗಿತು, ಭೇದಿ ನಿಲ್ಲಲು ಹಿಡಿಯುವ ಹೊತ್ತೂ ತಗ್ಗಿತು. ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಇದನ್ನು 2000ದಲ್ಲಿ ಪ್ರಕಟಿಸಿತು. ಜೇವರ್ಗಿಯ ಆರೋಗ್ಯ ಉಪಕೇಂದ್ರದಲ್ಲಿ ಸಿಗುವ ಪೊಟ್ಟಣದಲ್ಲಿ ಈ ಪಿಷ್ಟವಿಲ್ಲ. ಪೊಟ್ಟಣವನ್ನು ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಕಲಸಿ ಕುಡಿಸುತ್ತಾರೆ, ಮಕ್ಕಳಿಗೆ 14 ದಿನ ಸತುವಿನ ಗುಳಿಗೆ ಕೊಡುತ್ತಾರೆ, ವಾಂತಿ ನಿಂತ ಕೂಡಲೇ ಮಜ್ಜಿಗೆ ನುಚ್ಚು ಉಣಿಸಿರೆನ್ನುತ್ತಾರೆ.